ದಲ್ಲಾಳಿ ಕುಸಿದಾಗ ನಕ್ಕವರು

"ಯಾರಾದ್ರೂ ಬನ್ರಪ್ಪ... ನನ್ನ ಕೈಲಿ ಆಗ್ತಿಲ್ಲ," ಎಂದರು ದಲ್ಲಾಳಿ, ಮೈಕಿನ ಮುಂದೆ ಎದೆ ಹಿಡಿದುಕೊಂಡು. ಸಭಾಂಗಣಕ್ಕೆ ಸಭಾಂಗಣವೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

ವೇದಿಕೆಯ ಮೂಲೆಯಲ್ಲಿ ಪುಟ್ಟ ಮೇಜಿನ ಹಿಂದೆ ಕೂತಿದ್ದ ರೇಡಿಯೊ ಮಾತ್ರ ನಗಲಿಲ್ಲ. ಬಾನುಲಿಯಲ್ಲಿ ಸುದ್ದಿ ಓದುವವನಾದ್ದರಿಂದ ಊರಿಗೆಲ್ಲ ಅವನು ರೇಡಿಯೊ. ಆ ಸಂಜೆ ಅವನಿಗೆ ವಹಿಸಿದ್ದ ಕೆಲಸ ಇಷ್ಟೇ: 'ಬಾಗಿಲು ತಟ್ಟಿದ ಸದ್ದು', 'ಎಲ್ಲರೂ ಬೆಚ್ಚಿಬೀಳುತ್ತಾರೆ' ಎಂಬಂಥ ರಂಗಸೂಚನೆಗಳನ್ನು ಗಂಭೀರವಾದ ದನಿಯಲ್ಲಿ ಓದುವುದು. ಹಾಗಾಗಿ ಚಿತ್ರಕಥೆಯ ಪ್ರತಿ ಸಾಲಿನ ಮೇಲೂ ಅವನ ಬೆರಳು ಹರಿಯುತ್ತಿತ್ತು. ದಲ್ಲಾಳಿ ಈಗ ಆಡಿದ ಮಾತು ಆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ದಲ್ಲಾಳಿ ಎನ್ನುವುದು ಆ ಮುದಿ ಹಾಸ್ಯನಟರು ಹಿಂದೆ ಮಾಡಿದ್ದ ಪಾತ್ರ. ಒಂದೇ ಮನೆಯನ್ನು ಮೂರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟು, ಮೂವರಿಂದಲೂ ಅಡ್ವಾನ್ಸ್ ಕಿತ್ತುಕೊಳ್ಳುವ ಕುಡುಕ ದಲ್ಲಾಳಿಯ ಕಥೆ. ಬಿಡುಗಡೆಯಾದಾಗ ಥಿಯೇಟರಿನಲ್ಲಿ ನೊಣ ಹೊಡೆದಿದ್ದ ಸಿನಿಮಾ, ಎಷ್ಟೋ ವರ್ಷಗಳ ಮೇಲೆ ಕಾಲೇಜು ಹುಡುಗರ ಬಾಯಿಗೆ ಬಿದ್ದು, ಸಾಲುಸಾಲೂ ಬಾಯಿಪಾಠವಾಗಿ, ಒಂದು ಹುಚ್ಚಿನಂತೆ ಬೆಳೆದಿತ್ತು. ಊರಿನ ಆಸ್ಪತ್ರೆಗೊಂದು ಆಂಬುಲೆನ್ಸ್ ಕೊಡಿಸಬೇಕೆಂದು ಆ ಚಿತ್ರಕಥೆಯ ವಾಚನ ಏರ್ಪಾಡಾಗಿತ್ತು. ಹಳೆಯ ನಟರೇ ಮೇಜಿನ ಸುತ್ತ ಕೂತು ಓದುವುದು. 'ಅಡ್ವಾನ್ಸ್' ಎಂಬ ಮಾತು ಬಂದಾಗಲೆಲ್ಲ ವೇದಿಕೆಯ ಮೇಲಿದ್ದವರೂ ಕೆಳಗಿದ್ದವರೂ ಒಂದೊಂದು ಗುಟುಕು ಏರಿಸುವುದು. ಅಡ್ವಾನ್ಸ್ ಇಲ್ಲದ ಪುಟವೇ ಆ ಕಥೆಯಲ್ಲಿರಲಿಲ್ಲ. ಮಧ್ಯಂತರದ ಹೊತ್ತಿಗಾಗಲೇ ನೆಲ ಚಪ್ಪಲಿಗೆ ಅಂಟುತ್ತಿತ್ತು. ಯಾರೋ ದೊಡ್ಡ ಮನುಷ್ಯರು ಬಾಗಿಲ ಬಳಿಯ ಹೂಕುಂಡದಲ್ಲಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಮತ್ತೆ ಒಳಗೆ ಬಂದು ಕೂತಿದ್ದರು.

ವೇದಿಕೆಯ ಮೇಲೆ ಕುಡಿಯದವರು ಇಬ್ಬರೇ. ಬೆಳಗಿನ ಸುದ್ದಿ ಓದಬೇಕಿದ್ದ ರೇಡಿಯೊ ಒಬ್ಬ. ಇನ್ನೊಬ್ಬರು ಸ್ವತಃ ದಲ್ಲಾಳಿ. ಹಿಂದೆ ಹೊಳೆಯಂತೆ ಕುಡಿದವರು, ಮಗಳ ಮದುವೆಯ ವರ್ಷ ಬಿಟ್ಟವರು ಮತ್ತೆ ಮುಟ್ಟಿರಲಿಲ್ಲ. ಅವರ ಗ್ಲಾಸಿನಲ್ಲಿದ್ದದ್ದು ಮಗಳು ಮನೆಯಲ್ಲೇ ಶುಂಠಿ ಹಾಕಿ ಮಾಡಿ ಫ್ಲಾಸ್ಕಿನಲ್ಲಿ ತಂದಿದ್ದ ಸೇಬಿನ ರಸ. ಅದು ನೋಡಲು ವಿಸ್ಕಿಯಂತೆಯೇ ಇತ್ತು.

ಮಧ್ಯಂತರದ ನಂತರ ಬರುವುದು ದಲ್ಲಾಳಿಯ ಪ್ರಸಿದ್ಧ ಕುಡುಕನ ದೃಶ್ಯ. ಸಿನಿಮಾದಲ್ಲಿ ಬಳಸಿದ್ದ ಉದ್ದನೆಯ ಸ್ಟೀಲ್ ಲೋಟವನ್ನು ನಿರ್ದೇಶಕರು ಜೋಪಾನವಾಗಿ ಇಟ್ಟುಕೊಂಡಿದ್ದರು. ಸಂಜೆಯಿಂದಲೂ ಅದು ದಲ್ಲಾಳಿಯ ಮುಂದೆ ಶೋಭೆಗೆ ಕೂತಿತ್ತು. ಮೊದಲರ್ಧದಲ್ಲಿ ನಟರೆಲ್ಲ ಅದನ್ನು ಎತ್ತಿ ಎತ್ತಿ ನೋಡಿದ್ದರು. ದಲ್ಲಾಳಿ ಮಗಳು ತಂದುಕೊಟ್ಟ ಫ್ಲಾಸ್ಕಿನಿಂದ ಅದಕ್ಕೆ ರಸ ಸುರಿದು, ಎತ್ತಿ, ದೃಶ್ಯದಲ್ಲಿರುವಂತೆ ಒಂದೇ ಉಸಿರಿಗೆ ಗಟಗಟನೆ ಕುಡಿದರು. ಮೊದಲರ್ಧದಲ್ಲಿ ಸಪ್ಪೆಯಾಗಿ ಓದುತ್ತಿದ್ದ ಮನುಷ್ಯನಿಗೆ ಕೆಲವೇ ನಿಮಿಷಗಳಲ್ಲಿ ಮುಖ ಕೆಂಡವಾಯಿತು, ನಾಲಿಗೆ ತೊದಲಿತು, ಕಣ್ಣು ಗಿರಗಿರನೆ ತಿರುಗಿತು. ಜನ ಮೇಜು ಗುದ್ದಿ ನಕ್ಕರು. ಮುಂದಿನ ಸಾಲಿನಲ್ಲಿದ್ದ ಅಭಿಮಾನಿ ಸಂಘದ ಅಧ್ಯಕ್ಷ, ಎಲ್ಲರೂ ಭಕ್ತ ಎಂದು ಕರೆಯುವ ದಪ್ಪ ಮನುಷ್ಯ, ಎದ್ದು ನಿಂತು, "ಬಂದ್ರು! ನಮ್ಮಣ್ಣ ವಾಪಸ್ ಬಂದ್ರು!" ಎಂದು ಕಣ್ಣೀರು ಸುರಿಸಿಕೊಂಡು ಕೂಗುತ್ತಿದ್ದ.

ಆಮೇಲೆ ಬಂದದ್ದು ಆ ಮಾತು. ದಲ್ಲಾಳಿ ಮುಂದಕ್ಕೆ ಮುಗ್ಗರಿಸಿ ಮೇಜಿನ ಮೇಲೆ ಬಿದ್ದರು. ಲೋಟ ಉರುಳಿ ಕೆಳಗೆ ಹೋಯಿತು. ಚಪ್ಪಾಳೆ ಮುಗಿಲು ಮುಟ್ಟಿತು.

"ನಿಲ್ಸಿ! ಇದು ನಾಟಕ ಅಲ್ಲ!" ಎಂದು ರೇಡಿಯೊ ಕುರ್ಚಿ ತಳ್ಳಿ ಓಡಿದ. ಅದಕ್ಕೂ ನಕ್ಕರು. ಪಕ್ಕದಲ್ಲಿದ್ದ ನಿರ್ದೇಶಕರು ಹಲ್ಲು ಕಚ್ಚಿ, "ಮುಂದುವರಿಸಯ್ಯ, ಚೆನ್ನಾಗಿ ಬರ್ತಿದೆ," ಎಂದರು. ರೇಡಿಯೊ ಅವರನ್ನು ಸರಿಸಿ ದಲ್ಲಾಳಿಯ ಮುಖ ಎತ್ತಿ ನೋಡಿದ. ದಲ್ಲಾಳಿಯ ತುಟಿ ನೀಲಿಯಾಗಿತ್ತು.

ಪಕ್ಕದೂರಿನ ಆಂಬುಲೆನ್ಸ್‌ಗೆ ಫೋನು ಹೋಯಿತು. ಅದು ಬಂದರೂ ಒಳಗೆ ನುಗ್ಗುವಂತಿರಲಿಲ್ಲ. ಆಂಬುಲೆನ್ಸಿಗಾಗಿ ದಾನ ಕೊಡಲು ಬಂದವರ ಕಾರುಗಳು ಗೇಟಿಗೆ ಅಡ್ಡಡ್ಡ ನಿಂತಿದ್ದವು. ಹಿಂದಿನ ಬಾಗಿಲ ಬಳಿಯಿದ್ದ ತನ್ನ ಹಳೆಯ ಕಾರಿನಲ್ಲಿ ರೇಡಿಯೊ ದಲ್ಲಾಳಿಯನ್ನು ಮಲಗಿಸಿಕೊಂಡು ಹೊರಟ. ದಲ್ಲಾಳಿಯ ಮಗಳು ಹಿಂದಿನ ಸೀಟಿನಲ್ಲಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಆಸ್ಪತ್ರೆಯ ಕಾರಿಡಾರಿಗೆ ನಿರ್ದೇಶಕರು, ಚಿತ್ರದ ನಾಯಕಿ, ಭಕ್ತ ಎಲ್ಲರೂ ಬಂದು ಸೇರಿದರು. ಡಾಕ್ಟರು ಹೊರಗೆ ಬಂದು ಹೇಳಿದರು: "ಜೀವಕ್ಕೆ ಈಗ ಭಯ ಇಲ್ಲ. ಇವರು ಕುಡಿತ ಬಿಡಿಸೋ ಮಾತ್ರೆ ತಗೊಳ್ತಿದ್ದಾರೆ. ಅದು ಮೈಯಲ್ಲಿದ್ದಾಗ ಒಂದು ಚಮಚ ಮದ್ಯ ಹೋದ್ರೂ ಸಾಕು, ಎದೆ ಹೊಡ್ಕೊಳ್ಳತ್ತೆ, ಉಸಿರು ಕಟ್ಟತ್ತೆ. ಇವರೊಳಗೆ ಹೋಗಿರೋದು ಚಮಚ ಅಲ್ಲ. ಹತ್ತಿರ ಹತ್ತಿರ ಅರ್ಧ ಲೋಟ."

"ಸುತ್ತ ಹೆಂಡ ಇರೋ ಕಡೆ ಹೋಗ್ತಿದೀನಿ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಅಂತ ಅಪ್ಪನೇ ಮತ್ತೆ ಶುರು ಮಾಡಿದ್ರು," ಎಂದ ಮಗಳು ನಿರ್ದೇಶಕರ ಕಡೆಗೂ ನಾಯಕಿಯ ಕಡೆಗೂ ತಿರುಗಿದಳು. "ನಿಮ್ಮಿಬ್ಬರಿಗೂ ಮೊದಲೇ ಹೇಳಿರ್ಲಿಲ್ವಾ ನಾನು?"

ಇಬ್ಬರೂ ತಲೆ ತಗ್ಗಿಸಿದರು. ಯಾರು ಕುಡಿಸಿದ್ದು, ಯಾರು ಕುಡಿಸಿದ್ದು ಎಂದು ಕಾರಿಡಾರಿನಲ್ಲೆಲ್ಲ ಗುಜುಗುಜು ಎದ್ದಿತು. ಭಕ್ತ ನೆಲದ ಮೇಲೆ ಕುಸಿದು ಕೂತು ಹಣೆ ಚಚ್ಚಿಕೊಂಡ. "ಮಾತ್ರೆ ವಿಷಯ ನನಗ್ಯಾಕೆ ಯಾರೂ ಹೇಳ್ಲಿಲ್ಲ? ನನಗೊಂದು ಮಾತು ಹೇಳ್ಬಾರದಾಗಿತ್ತಾ?" ಎಂದು ಗೋಳಾಡಿದ. ಹೆಂಡದ ನಾತದ ಆ ಗುಂಪಿನಲ್ಲಿ ಅವನೊಬ್ಬನ ಅಳುವಾದರೂ ನಿಜವಾದದ್ದು ಎನಿಸಿ ರೇಡಿಯೊ ಅವನ ಬೆನ್ನು ಸವರಿದ. ಗಂಟಲೊಣಗಿ ನಿಂತಿದ್ದ ರೇಡಿಯೊಗೆ ಮಗಳು ಫ್ಲಾಸ್ಕಿನಲ್ಲಿ ಉಳಿದಿದ್ದುದನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಅವನು ಕುಡಿದ.

ಅದಾಗಿ ಒಂದು ದಿನ ಬಿಟ್ಟು ಬೆಳಿಗ್ಗೆ ಮಗಳು ದೊಡ್ಡಮ್ಮನ ಮನೆ ಬಾಗಿಲಿಗೆ ಬಂದಳು.

ದೊಡ್ಡಮ್ಮ ಎಂದರೆ ರೇಡಿಯೊನ ತಾಯಿಯ ಅಕ್ಕ. ಸರ್ಕಾರಿ ವಕೀಲೆಯಾಗಿ ಎಷ್ಟೋ ಜನರನ್ನು ಕಟಕಟೆ ಹತ್ತಿಸಿ ನಿವೃತ್ತಳಾದವಳು. ಪೊಲೀಸರಿಗೆ ಬಿಚ್ಚದ ಗಂಟುಗಳು ಈಗಲೂ ಅವಳ ಮನೆಗೇ ಬರುತ್ತಿದ್ದವು. ಅವಳ ಜೊತೆಗೇ ಇರುವ ರೇಡಿಯೊ ಅಂಥ ಎಷ್ಟೋ ಪತ್ತೆಗಳಿಗೆ ಅವಳ ಕಾಲು, ಕಾರು ಎರಡೂ ಆಗಿದ್ದ. ದೊಡ್ಡಮ್ಮನಿಗೆ ಹುಳಿತೇಗಿನ ಕಾಟ. ಯಾವಾಗಲೂ ಒಂದು ಬಿಳಿ ಗುಳಿಗೆ ದವಡೆಯಲ್ಲಿ. ಯಾರಾದರೂ ಸುಳ್ಳು ಹೇಳಿದರೆ ಅದನ್ನು ಕಟಕ್ಕನೆ ಕಡಿಯುತ್ತಿದ್ದಳು.

"ಅಪ್ಪನಿಗೆ ನಾನೇ ಹೆಂಡ ಹಾಕಿದೆ ಅಂತಿದಾರೆ ಅಮ್ಮ," ಎಂದಳು ಮಗಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು ಊದಿಕೊಂಡಿತ್ತು. "ರಸ ಮಾಡಿದ್ದು ನಾನು. ಫ್ಲಾಸ್ಕ್ ನಾನು, ಅಪ್ಪ ಬಿಟ್ರೆ ಇನ್ಯಾರ ಕೈಗೂ ಹೋಗಿಲ್ಲ. ಮನೆಗೆ ಹೋದವಳು ಅಭ್ಯಾಸದ ಬಲದಿಂದ ಅದನ್ನ ತೊಳೆದಿಟ್ಟೆ. ಸಾಕ್ಷಿ ತೊಳೆದುಬಿಟ್ಟೆಯಲ್ಲ ಅಂತಾರೆ ಇನ್‌ಸ್ಪೆಕ್ಟರು. ಮುದುಕನ್ನ ಸಾಕಿ ಸಾಕಾಗಿತ್ತು ಪಾಪ ಅಂತ ನಿರ್ದೇಶಕರು ಪೇಪರಿನವರಿಗೆ ಹೇಳಿದಾರೆ. ಆಸ್ಪತ್ರೇಲಿ ಅಪ್ಪನ ಕೋಣೆಗೆ ನನ್ನನ್ನ ಒಬ್ಬಳನ್ನೇ ಬಿಡ್ತಿಲ್ಲ."

ದೊಡ್ಡಮ್ಮ ರೇಡಿಯೊ ಕಡೆಗೆ ನೋಡಿದಳು. "ಆ ಫ್ಲಾಸ್ಕಿಂದ ನೀನೂ ಕುಡಿದೆ ಅಂದಿದ್ದೆ ಅಲ್ವಾ? ಏನಿತ್ತು ಅದರಲ್ಲಿ?"

"ಸೇಬು, ಶುಂಠಿ. ಶುಂಠಿ ಸ್ವಲ್ಪ ಜಾಸ್ತೀನೇ ಇತ್ತು."

"ಹೆಂಡ?"

"ಒಂದು ಹನಿಯೂ ಇರ್ಲಿಲ್ಲ." ಹೇಳಿದ ಮೇಲೆ ಅವನಿಗೇ ಹೊಳೆಯಿತು. ಸ್ವಂತ ನಾಲಿಗೆಯ ಮೇಲಿದ್ದ ಸಾಕ್ಷಿಯನ್ನು ಎರಡು ದಿನ ನುಂಗಿಕೊಂಡು ಕೂತಿದ್ದ!

"ಅಂದ್ರೆ ಹೆಂಡ ಫ್ಲಾಸ್ಕಿನಲ್ಲಿರ್ಲಿಲ್ಲ, ಆ ಸ್ಟೀಲ್ ಲೋಟದಲ್ಲಿ ಮೊದಲೇ ಕಾದು ಕೂತಿತ್ತು," ಎಂದಳು ದೊಡ್ಡಮ್ಮ. "ಆದ್ರೆ ಒಂದು ವಿಷಯ ನನಗೆ ಹೊಂದ್ತಿಲ್ಲಮ್ಮ. ಕುಡಿತ ಬಿಟ್ಟವರ ಮೂಗು ಪೊಲೀಸ್ ನಾಯಿಗಿಂತ ಚುರುಕು. ಲೋಟ ಬಾಯಿ ಹತ್ರ ತಂದಾಗಲೇ ನಿಮ್ಮಪ್ಪನಿಗೆ ಗೊತ್ತಾಗ್ಬೇಕಿತ್ತು."

ಮಗಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅಪ್ಪನಿಗೆ ವಾಸನೆ ಬರೋದಿಲ್ಲ. ಹೋದ ವರ್ಷ ದೊಡ್ಡ ಜ್ವರ ಬಂದಾಗ ಹೋಗಿದ್ದು ವಾಪಸ್ ಬರ್ಲೇ ಇಲ್ಲ. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ. ಮುದುಕ, ಮೂಗೂ ಹೋಯ್ತು ಅಂದ್ರೆ ಇನ್ನು ಯಾರು ಕರೀತಾರೆ ಅಂತ."

"ಹಾಗಾದ್ರೆ ಆ ಗುಟ್ಟು ಇನ್ಯಾರಿಗೋ ಗೊತ್ತಾಗಿದೆ," ಎಂದ ದೊಡ್ಡಮ್ಮ ರೇಡಿಯೊಗೆ ಹೇಳಿದಳು, "ರಿಹರ್ಸಲ್ ದಿನದಿಂದ ಶುರು ಮಾಡು. ಕಂಡಿದ್ದೆಲ್ಲ ಹೇಳು, ಮುಖ್ಯವಾದ್ದು ಯಾವುದು ಅಂತ ನೀನು ತೀರ್ಮಾನ ಮಾಡ್ಬೇಡ."

ರೇಡಿಯೊ ಹೇಳಿದ. ರಿಹರ್ಸಲ್ಲಿನಲ್ಲಿ ದಲ್ಲಾಳಿ ತೀರಾ ಸಪ್ಪೆಯಾಗಿದ್ದರು. ತಪ್ಪಿಲ್ಲದೆ ಓದಿದರು, ಯಾರಿಗೂ ನಗು ಬರಲಿಲ್ಲ. ನಿರ್ದೇಶಕರು ಆಕಳಿಸಿ ಮೊದಲೇ ಎದ್ದುಹೋದರು. ಆಮೇಲೆ ದಲ್ಲಾಳಿ ಬಣ್ಣದ ಕೋಣೆಯಲ್ಲಿ ಒಬ್ಬರೇ ಕೂತು ಸಾಲು ಒಪ್ಪಿಸುತ್ತಿದ್ದರು. ಸಿನಿಮಾದ ಹಳೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ ಭಕ್ತ ಯಾರದೋ ಫೋನು ಬಂತೆಂದು ಹೊರಗೆ ಬಂದಿದ್ದ. ಸ್ವಲ್ಪ ಹೊತ್ತಿಗೆ ಉಣ್ಣೆ ಸುಟ್ಟ ನಾತ ಕಾರಿಡಾರಿಗೆಲ್ಲ ಹರಡಿತು. ರೇಡಿಯೊ, ನಾಯಕಿ, ಭಕ್ತ ಮೂವರೂ ಓಡಿದರು. ಕೋಟಿನ ತೋಳು ಹೊಗೆಯಾಡುತ್ತಿತ್ತು. ಅದಕ್ಕೆ ಬೆನ್ನು ಹಾಕಿ, ಕೈಗೆಟಕುವಷ್ಟು ಹತ್ತಿರದಲ್ಲಿ ಕೂತಿದ್ದ ದಲ್ಲಾಳಿ ಹಾಯಾಗಿ ಓದುತ್ತಿದ್ದರು.

"'ವಾಸನೆ ಬರ್ಲಿಲ್ವಾ ಅಣ್ಣಾ?' ಅಂದ ಭಕ್ತ. 'ಪಾತ್ರದಲ್ಲಿ ಮುಳುಗಿಬಿಟ್ಟಿದ್ದೆ ಕಣಯ್ಯ' ಅಂದ್ರು. ನಾಯಕಿ ಬೈಕೊಂಡು ಹೊರಟುಹೋದ್ರು."

"ಆಮೇಲೆ?"

"ಆಮೇಲೇನಿಲ್ಲ. ಭಕ್ತ ಇಸ್ತ್ರಿ ಮೇಜಿನ ಮೇಲಿದ್ದ ಬಾಟ್ಲಿಯಿಂದ ಕರ್ಚೀಫಿಗೆ ಚುಮುಕಿಸಿ, 'ಅಣ್ಣಾ, ಹೊಸ ಸೆಂಟು, ಹೇಗಿದೆ?' ಅಂತ ಅವರ ಮೂಗಿಗೆ ಹಿಡಿದ. 'ಭಾರಿ ಘಮಘಮ ಅಂತಿದೆ' ಅಂದ್ರು. ಅಷ್ಟೇ."

ದೊಡ್ಡಮ್ಮ ಗುಳಿಗೆ ಕಡಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಹಾಲ್ ನೋಡ್ಬೇಕು, ಕಾರು ತೆಗಿ," ಎಂದಳು.

ಸಭಾಂಗಣವನ್ನು ಇನ್ನೂ ತೊಳೆದಿರಲಿಲ್ಲ. ಹಗಲು ಬೆಳಕಿನಲ್ಲಿ ಅದು ಇನ್ನಷ್ಟು ಹೇಸಿಗೆಯಾಗಿ ಕಂಡಿತು. ಹುಳಿತ ಬಿಯರು, ತುಳಿದು ಹಿಟ್ಟಾದ ತಿಂಡಿ, ಗ್ಲಾಸಿನ ತಳದಲ್ಲಿ ಈಜುವ ಸಿಗರೇಟು ತುಂಡು. ಹೂಕುಂಡದ ಸುತ್ತ ನೊಣ ಮುತ್ತಿತ್ತು. ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇಷ್ಟೊಂದು ಪರೋಪಕಾರ ಒಂದೇ ಕಡೆ ನಾನು ನೋಡೇ ಇರ್ಲಿಲ್ಲ," ಎಂದಳು.

ಖಾಲಿ ಬಾಟಲಿಗಳನ್ನು ಮೂಟೆ ಕಟ್ಟುತ್ತಿದ್ದ ಬಾರಿನವನನ್ನು, ನೀರಿನಂಥ ಬಣ್ಣವಿಲ್ಲದ ಹೆಂಡ ಏನಾದರೂ ಇತ್ತೇ ಎಂದು ಕೇಳಿದಳು. ಅವನು ಹೇಳಿದ: "ಕಂಪನಿಯೋರು ಪುಕ್ಕಟೆ ಕೊಟ್ಟಿದ್ದು ಬಿಯರು, ವಿಸ್ಕಿ ಎರಡೇ ಅಮ್ಮ. ಬಣ್ಣ ಇಲ್ಲದ್ದು ಯಾವುದೂ ಇರ್ಲಿಲ್ಲ. ಆ ಮುದುಕರು ಯಾರು ಅಂತಾನೂ ನನಗೆ ಗೊತ್ತಿರ್ಲಿಲ್ಲ. ನಾನು ಈ ಊರಿಗೆ ಹೊಸಬ."

ಲೋಟ ಇನ್ನೂ ಮೇಜಿನ ಕೆಳಗೇ ಬಿದ್ದಿತ್ತು. ಫ್ಲಾಸ್ಕಿನ ಮೇಲೇ ಕಣ್ಣಿಟ್ಟಿದ್ದ ಪೊಲೀಸರು ಅದನ್ನು ಮುಟ್ಟಿರಲಿಲ್ಲ. ದೊಡ್ಡಮ್ಮ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಅದನ್ನು ಜೋಪಾನವಾಗಿ ಎತ್ತಿಡಿಸಿದಳು. ಆಮೇಲೆ ಅಷ್ಟೇ ಉದ್ದದ ಇನ್ನೊಂದು ಸ್ಟೀಲ್ ಲೋಟ ತರಿಸಿ, ರೇಡಿಯೊ ಬೇರೆ ಕಡೆ ನೋಡುತ್ತಿರುವಾಗ ಮೇಜಿನ ಮೇಲಿಟ್ಟು, ದೀಪ ಹಾಕಿಸಿ, ದಲ್ಲಾಳಿಯ ಕುರ್ಚಿಯಲ್ಲಿ ಅವನನ್ನು ಕೂರಿಸಿದಳು.

"ಒಳಗೆ ಏನಿದೆ?"

"ಏನೂ ಇಲ್ಲ. ಕತ್ತಲೆ."

"ಬಗ್ಗಿಸಿ ನೋಡು."

ಬಗ್ಗಿಸಿದರೆ ನೀರು ಅವನ ತೊಡೆಯ ಮೇಲೆಲ್ಲ ಚೆಲ್ಲಿತು. ದೀಪ ಎದುರಿನಿಂದ ಕಣ್ಣಿಗೆ ಹೊಡೆಯುತ್ತಿತ್ತು. ಆಳದಲ್ಲಿದ್ದ ನೀರು ಕಂಡೇ ಇರಲಿಲ್ಲ.

"ಮಧ್ಯಂತರದಲ್ಲಿ ಪರದೆ ಬಿದ್ದಾಗ ಈ ಮೇಜಿನ ಹತ್ರ ಯಾರ್ಯಾರು ಬಂದ್ರು?"

ರೇಡಿಯೊ ಆ ಹೊತ್ತು ತನ್ನ ಪುಟಗಳಲ್ಲಿ ಮುಳುಗಿದ್ದ, ಆದರೂ ನೆನಪಿತ್ತು. ಉಳಿದ ನಟರೆಲ್ಲ ಎದ್ದು ಹೊರಗೆ ಹೋದರು, ಮಂಡಿನೋವೆಂದು ನಾಯಕಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಬಾರಿನವನು ಗ್ಲಾಸು ತುಂಬಿಸಿ ಹೋದ. ನಿರ್ದೇಶಕರು ಮೈಕು ಸರಿಮಾಡಲು ಬಂದರು. ಭಕ್ತ ತೋಳಿಗೆ ತೇಪೆ ಹಾಕಿಸಿದ ಕೋಟನ್ನು ದಲ್ಲಾಳಿಯ ಕುರ್ಚಿಗೆ ಹೊದಿಸಿ ಹೋದ. ದಲ್ಲಾಳಿ, ಅವರ ಮಗಳು ಇಬ್ಬರೂ ಹೊರಗೆ ದಾನಿಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪ್ರತಿ ಫೋಟೊದಲ್ಲೂ ಮಗಳ ಕೈಯಲ್ಲಿ ಫ್ಲಾಸ್ಕು.

ಅಲ್ಲಿಂದ ನಾಯಕಿಯ ಮನೆಗೆ ಹೋದರು. ಆಕೆ ನೇರ ಮಾತಿನವರು. "ಕುಡಿಸಿ ನನಗೇನು ಲಾಭ? ಶೂಟಿಂಗಿನಲ್ಲಿ ನನ್ನ ಮಡಿಲಲ್ಲಿ ಕಾರಿಕೊಂಡವರು ಅವರು. ಆ ನಾತ ಇನ್ನೂ ಮೂಗಿಂದ ಹೋಗಿಲ್ಲ," ಎಂದರು. ನಿರ್ದೇಶಕರು ಫೋನು ಕೆಳಗಿಡದೆಯೇ ಮಾತಾಡಿದರು. ದಲ್ಲಾಳಿ ಕುಸಿದ ದೃಶ್ಯದ ತುಣುಕು ಊರೂರು ಸುತ್ತುತ್ತಿತ್ತು. "ನೋಡಿ, ಎಷ್ಟು ಜನ ನೋಡಿದಾರೆ! ಸಿನಿಮಾ ಬಂದಾಗ ಇಷ್ಟು ಜನ ನೋಡಿರ್ಲಿಲ್ಲ," ಎಂದು ಪರದೆಯನ್ನು ದೊಡ್ಡಮ್ಮನ ಮುಖಕ್ಕೆ ಹಿಡಿದರು. ಅವಳು ಅದನ್ನು ಬೆರಳ ತುದಿಯಿಂದ ಸತ್ತ ಜಿರಲೆಯಂತೆ ಸರಿಸಿದಳು.

ದಲ್ಲಾಳಿಯನ್ನು ಆಸ್ಪತ್ರೆಯಿಂದ ಕಳಿಸುವ ದಿನ ದೊಡ್ಡಮ್ಮ ಎಲ್ಲರನ್ನೂ ಅದೇ ಸಭಾಂಗಣಕ್ಕೆ ಕರೆಸಿದಳು. ಈಗ ನೆಲ ತೊಳೆದಿತ್ತು, ನಾತ ಹೋಗಿರಲಿಲ್ಲ. ಇನ್‌ಸ್ಪೆಕ್ಟರು ಬಾಗಿಲ ಬಳಿ ನಿಂತರು. ಗಾಲಿಕುರ್ಚಿಯಲ್ಲಿ ದಲ್ಲಾಳಿ, ಪಕ್ಕದಲ್ಲಿ ಮಗಳು. ದಲ್ಲಾಳಿಯನ್ನು ಕಂಡೊಡನೆ ಭಕ್ತ ಓಡಿಬಂದು ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಮೊದಲು ಈ ಹುಡುಗಿ ವಿಷಯ ಮುಗಿಸಿಬಿಡ್ತೀನಿ," ಎಂದು ದೊಡ್ಡಮ್ಮ ಶುರುಮಾಡಿದಳು. "ಫ್ಲಾಸ್ಕಿನ ರಸವನ್ನ ನನ್ನ ತಂಗಿ ಮಗ ಕುಡಿದಿದಾನೆ. ಈಕೆಯನ್ನ ಬಿಟ್ರೆ ಅವತ್ತು ಅಲ್ಲಿ ಕುಡಿಯದೆ ಇದ್ದ ನಾಲಿಗೆ ಅವನದೊಂದೇ. ರಸ ಶುದ್ಧವಾಗಿತ್ತು. ಹೆಂಡ ಇದ್ದದ್ದು ಲೋಟದಲ್ಲಿ, ಅಂಟಿದ್ದ ಕಲೆಯಲ್ಲೂ ಅದು ಸಿಕ್ಕಿದೆ ಅಂತ ಇನ್‌ಸ್ಪೆಕ್ಟರು ಹೇಳ್ತಾರೆ. ಬಣ್ಣ ಇಲ್ಲದ ಹೆಂಡ, ಬಾರಿನದಲ್ಲ, ಹೊರಗಿಂದ ತಂದದ್ದು. ಮೊದಲರ್ಧದಲ್ಲಿ ಆ ಲೋಟವನ್ನ ಎಲ್ಲರೂ ಎತ್ತಿ ಎತ್ತಿ ನೋಡಿದ್ರು, ಆಗ ಖಾಲಿ ಇತ್ತು. ಮಧ್ಯಂತರದಲ್ಲಿ ಸುರಿದಿದಾರೆ. ಆಗ ಈಕೆ ಹೊರಗೆ ಕ್ಯಾಮೆರಾ ಮುಂದೆ."

ಇನ್‌ಸ್ಪೆಕ್ಟರು ಕೆಮ್ಮಿ ನೆಲ ನೋಡಿದರು. ಮಗಳು ಅಪ್ಪನ ಕೈ ಹಿಡಿದುಕೊಂಡಳು.

"ಮೇಜಿನ ಹತ್ರ ಇದ್ದವರು ನಾಲ್ಕು ಜನ. ಸುರಿದವರ ಉದ್ದೇಶ ಏನು? ಕೊಲ್ಲೋದಾಗಿದ್ರೆ ಒಂದು ಚಮಚ ಸಾಕಿತ್ತು, ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ಇಲ್ಲಿ ಅರ್ಧ ಲೋಟ ಸುರಿದಿದಾರೆ. ಅಷ್ಟು ಯಾಕೆ? ಅಮಲು ಏರ್ಲಿ ಅಂತ. ಅಂದ್ರೆ ಮಾತ್ರೆ ವಿಷಯ ಗೊತ್ತಿಲ್ಲದವರ ಕೆಲಸ ಇದು. ನಾಯಕಿಗೆ, ನಿರ್ದೇಶಕರಿಗೆ ಇಬ್ಬರಿಗೂ ಗೊತ್ತಿತ್ತು. ನಿರ್ದೇಶಕರೇ, ನೀವು ಈ ಕೆಲಸ ಮಾಡಿಲ್ಲ. ಅವರು ಸಾಯ್ತಿದ್ದಾಗ, ಮಾತ್ರೆ ವಿಷಯ ಗೊತ್ತಿದ್ದೂ, 'ಚೆನ್ನಾಗಿ ಬರ್ತಿದೆ' ಅಂದಿರಿ, ಅಷ್ಟೇ. ಅದಕ್ಕೆ ಕಾನೂನಿನಲ್ಲಿ ಕಲಂ ಇದ್ದಿದ್ರೆ ನಾನೇ ವಾದ ಮಾಡ್ತಿದ್ದೆ."

ನಿರ್ದೇಶಕರ ಮುಖ ಕಪ್ಪಿಟ್ಟಿತು. ದೊಡ್ಡಮ್ಮ ಮುಂದುವರಿಸಿದಳು.

"ಉಳಿದವರು ಬಾರಿನವನು ಮತ್ತು ಭಕ್ತ. ಹಳೇ ಕುಡುಕರೊಬ್ಬರ ಲೋಟಕ್ಕೆ ಹೆಂಡ ಸುರಿಯೋ ಧೈರ್ಯ ಯಾರಿಗಿರತ್ತೆ? ಮೂಗಿನ ಹತ್ರ ಬಂದ ಕೂಡಲೇ ಸಿಕ್ಕಿಬೀಳ್ತಾರೆ. ಇವರ ಮೂಗು ಸತ್ತಿದೆ ಅಂತ ಖಾತ್ರಿ ಇದ್ದವರಿಗೆ ಮಾತ್ರ ಇರತ್ತೆ. ಗಂಟಲು ಉರಿದ್ರೆ ಶುಂಠಿ ಮೇಲೆ ಹಾಕಬಹುದು, ಅದೂ ಒಂದೇ ಗುಟುಕಿನ ದೃಶ್ಯ. ಊರಿಗೆ ಹೊಸಬ ಬಾರಿನವನಿಗೆ ಇದ್ಯಾವುದೂ ಗೊತ್ತಿಲ್ಲ." ಅವಳು ಭಕ್ತನ ಕಡೆಗೆ ತಿರುಗಿದಳು. "ಇಸ್ತ್ರಿ ಮೇಜಿನ ಮೇಲಿದ್ದ ಬಾಟ್ಲಿಯಲ್ಲಿ ಏನಿತ್ತಪ್ಪ?"

"ಅದು... ಸೆಂಟು."

ಕಟಕ್ ಎಂದಿತು ಗುಳಿಗೆ. "ಸೆಂಟಿನ ಬಾಟ್ಲಿ ಇಸ್ತ್ರಿ ಮೇಜಿನ ಮೇಲೆ ಯಾಕಿರತ್ತೆ? ಬಟ್ಟೆಗೆ ಚುಮುಕಿಸೋ ನೀರು ಅದು. ಕೋಟು ಸುಟ್ಟದ್ದು ಇವರಿಗೆ ಗೊತ್ತಾಗ್ಲಿಲ್ಲ ಅಂತ ನೋಡಿದೆ, ನಿನಗೆ ಅನುಮಾನ ಬಂತು. ಬರೀ ನೀರು ಮೂಗಿಗೆ ಹಿಡಿದು ಪರೀಕ್ಷೆ ಮಾಡಿದೆ. ಗುಟ್ಟು ಬಯಲಾಗತ್ತೆ ಅಂತ ಪಾಪ ಇವರು ಘಮಘಮ ಅಂತಿದೆ ಅಂದ್ರು."

"ಇಲ್ಲಮ್ಮ, ಸುಳ್ಳು! ಅಣ್ಣನಿಗೆ ನಾನು..."

"ಆಸ್ಪತ್ರೇಲಿ ಹಣೆ ಚಚ್ಚಿಕೊಂಡು ಏನಂದೆ? 'ಮಾತ್ರೆ ವಿಷಯ ನನಗ್ಯಾಕೆ ಹೇಳ್ಲಿಲ್ಲ' ಅಂದೆ. ಬೇರೆಯವರೆಲ್ಲ ಯಾರು ಕುಡಿಸಿದ್ರು ಅಂತ ಕೇಳ್ತಿದ್ರು, ನೀನೊಬ್ಬ ಕೇಳ್ಲಿಲ್ಲ. ಮಾತ್ರೆ ವಿಷಯ ತಿಳ್ಕೊಂಡು ನೀನು ಏನು ಮಾಡಬೇಕಿತ್ತಪ್ಪ? ಅದು ಗೊತ್ತಿರಬೇಕಾದ್ದು ಕುಡಿಸೋವನಿಗೆ ಮಾತ್ರ."

ಅವತ್ತು ತಾನು ಸವರಿದ ಬೆನ್ನು ಇವನದೇ ಎಂದು ನೆನಪಾಗಿ ರೇಡಿಯೊ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇನ್‌ಸ್ಪೆಕ್ಟರು ಮುಂದೆ ಬಂದರು. ಭಕ್ತ ತಪ್ಪಿಸಿಕೊಳ್ಳಲು ನೋಡಲಿಲ್ಲ. ತಲೆ ಎತ್ತಿದಾಗ ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ. ಪೂಜೆ ಕೆಟ್ಟವನ ಸಿಟ್ಟು ಇತ್ತು.

"ಹೌದು, ಹಾಕ್ದೆ. ಸಾಯ್ಲಿ ಅಂತ ಹಾಕ್ಲಿಲ್ಲ. ರಿಹರ್ಸಲ್ ನೋಡಿದ್ರಲ್ಲ? ಇವರು ನಮ್ಮಣ್ಣನಾ? ಶಾಲೆ ಪಾಠ ಒಪ್ಪಿಸ್ದಂಗೆ! ನಾನು ಇವರ ಮೇಲೆ ನನ್ನ ಆಯುಸ್ಸನ್ನೇ ಸುರಿದಿದೀನಿ. ಹೆಂಡತಿ ಬಿಟ್ಟುಹೋದಾಗ ಈ ಸಿನಿಮಾ ನೋಡ್ಕೊಂಡೇ ಬದುಕಿದವನು ನಾನು. ಜನ ಅವತ್ತು ಇವರನ್ನ ನೋಡಿ ಅಯ್ಯೋ ಪಾಪ ಅನ್ಬೇಕಾಗಿತ್ತಾ? ಒಂದೇ ಒಂದು ಸಲ ಅಣ್ಣ ಮೊದಲಿನ ಹಾಗೆ ಆಗ್ಲಿ ಅಂತ ಹಾಕ್ದೆ. ಆದ್ರಲ್ಲ!" ಅವನು ಗಾಲಿಕುರ್ಚಿಯ ಮುಂದೆ ಮಂಡಿಯೂರಿದ. "ಅಣ್ಣಾ, ನೀವೇ ಹೇಳಿ. ಅಂಥ ನಗು ಕೇಳಿ ಎಷ್ಟು ವರ್ಷ ಆಗಿತ್ತು? ಕೇಳಿಸ್ತಲ್ಲ ನಿಮಗೆ?"

ದಲ್ಲಾಳಿ ಅವನ ಕಡೆ ಬಗ್ಗಿದರು.

"ಕೇಳಿಸ್ತು," ಎಂದರು. "ಉಸಿರು ಸಿಗ್ತಿರ್ಲಿಲ್ಲ. ಕಣ್ಣು ಕತ್ತಲೆ ಇಟ್ಟಿತ್ತು. ಯಾರಾದ್ರೂ ಬನ್ನಿ ಅಂತ ಕೂಗ್ದೆ. ಎಲ್ಲರೂ ನಕ್ಕರು. ಅದರಲ್ಲಿ ನಿನ್ನ ಗಂಟಲೇ ದೊಡ್ಡದಿತ್ತು ಕಣಪ್ಪ, ನಾನು ಗುರುತು ಹಿಡಿದೆ. ಅವತ್ತು ನಾನು ಸತ್ತಿದ್ರೂ ನೀನು ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಚಪ್ಪಾಳೆ ಹೊಡೀತಿದ್ದೆ."

"ಅಣ್ಣಾ, ತಪ್ಪಾಯ್ತು ಅಂತ ಹೇಳು ಅಂದ್ರೆ ಹೇಳ್ತೀನಿ..."

"ನನ್ನ ಕಾಲು ಬಿಡು." ದಲ್ಲಾಳಿ ಇನ್‌ಸ್ಪೆಕ್ಟರ ಕಡೆ ತಿರುಗಿದರು. "ದೂರು ಕೊಡ್ತೀನಿ ಸ್ವಾಮಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ."

ಭಕ್ತನನ್ನು ಕರೆದೊಯ್ದ ಮೇಲೆ ನಿರ್ದೇಶಕರು ಮೆಲ್ಲಗೆ ದಲ್ಲಾಳಿಯ ಬಳಿ ಸರಿದರು. ಜನ ಕೇಳುತ್ತಿದ್ದಾರೆ, ಇನ್ನೊಂದು ಪ್ರದರ್ಶನ ಮಾಡಿದರೆ ಎರಡನೆಯ ಆಂಬುಲೆನ್ಸೂ ಬರುತ್ತದೆ, ಈ ಸಲ ಪೊಲೀಸ್ ಕಾವಲು ಹಾಕಿಸೋಣ ಎಂದು ಪಿಸುಗುಟ್ಟಿದರು. ರೇಡಿಯೊ ಏನಾದರೂ ಅಂದುಬಿಡುವ ಮೊದಲೇ ದೊಡ್ಡಮ್ಮ ಗಾಲಿಕುರ್ಚಿಯನ್ನು ನಿರ್ದೇಶಕರ ಪಾದದ ಮೇಲಿಂದಲೇ ತಳ್ಳಿಕೊಂಡು ಹೊರಟಳು.

ಅಪ್ಪ, ಮಗಳನ್ನು ಮನೆಗೆ ಬಿಡಲು ರೇಡಿಯೊ ಕಾರು ತೆಗೆದ. ಮನೆಯ ರಸ್ತೆಗೆ ತಿರುಗುವ ಮೊದಲು ದಲ್ಲಾಳಿ, "ನಿಲ್ಸಪ್ಪ," ಎಂದರು.

ರೇಡಿಯೊ ನಿಲ್ಲಿಸಿದ.

"ಮನೆಗೆ ಬೇಡ ಮಗಳೇ. ಆಸ್ಪತ್ರೇಲಿ ಕಣ್ಣು ಬಿಟ್ಟಾಗಿನಿಂದ ಮೈ ಕೇಳ್ತಿದೆ. ವಾಸನೆ ಇಲ್ಲ, ಸರಿಯಾಗಿ ರುಚಿ ಇಲ್ಲ, ಸತ್ತು ಬದುಕಿದೀನಿ, ಆದ್ರೂ ಕೇಳ್ತಿದೆ. ನಿನ್ನನ್ನ ಅಂಗಡಿಗೆ ಕಳಿಸಿ ಒಬ್ಬನೇ ಹೊರಗೆ ಹೋಗೋಕೆ ಏನೇನು ಸುಳ್ಳು ಹೇಳ್ಬೇಕು ಅಂತ ಬೆಳಿಗ್ಗೆಯಿಂದ ಜೋಡಿಸಿಟ್ಕೊಂಡಿದೀನಿ. ಒಂದೊಂದೂ ಚೆನ್ನಾಗಿದೆ, ನೀನು ನಂಬ್ತೀಯ. ಅವನ್ನ ಹೇಳೋಕೆ ಮುಂಚೆ, ಹಿಂದೆ ನನ್ನನ್ನ ಸೇರಿಸಿದ್ದೆಯಲ್ಲ, ಆ ಕುಡಿತ ಬಿಡಿಸೋ ಕೇಂದ್ರಕ್ಕೆ ಬಿಟ್ಟುಬಿಡು."

ಮಗಳು ಅಪ್ಪನ ಭುಜಕ್ಕೆ ಮುಖ ಒತ್ತಿಕೊಂಡಳು. ಆ ಒಂದು ಲೋಟ ನಿಜವಾಗಿ ಕದ್ದದ್ದು ಏನನ್ನು ಎಂದು ರೇಡಿಯೊಗೆ ಆಗ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು. ಅವನು ಕಾರು ತಿರುಗಿಸಿದ.

ವ್ಯಸನಮುಕ್ತಿ ಕೇಂದ್ರದ ಒಳಬಾಗಿಲಲ್ಲಿ ಒಬ್ಬ ಎಳೆಯ ನರ್ಸು ಮೇಜಿನ ಹಿಂದೆ ಕೂತಿದ್ದಳು. ಚೀಲ ತಪಾಸಣೆ ಮಾಡಬೇಕೆಂದಾಗ ದಲ್ಲಾಳಿ ತಾವೇ ಅದನ್ನು ಬಿಚ್ಚಿದರು. ಗಡ್ಡಕ್ಕೆ ಹಚ್ಚುವ ಲೋಷನ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಕೆಮ್ಮಿನ ಔಷಧಿ ಇಟ್ಟರು. ಬಟ್ಟೆಗಳ ನಡುವೆ ಕೈಹಾಕಿ, ಆಸ್ಪತ್ರೆಯ ಕೋಣೆಯಿಂದ ಯಾವಾಗಲೋ ಎತ್ತಿಕೊಂಡಿದ್ದ ಕೈ ಒರೆಸುವ ಸ್ಪಿರಿಟ್ಟಿನ ಸಣ್ಣ ಶೀಶೆಯನ್ನು, ಮಗಳ ಕಡೆ ನೋಡದೆ, ಅವುಗಳ ಪಕ್ಕದಲ್ಲಿಟ್ಟರು.

ನರ್ಸು ತಲೆಯೆತ್ತಿ ಅವರ ಮುಖ ನೋಡಿದಳು. ಗುರುತು ಸಿಕ್ಕಿತು. ಕಣ್ಣರಳಿತು, ನಗಲು ಬಾಯಿ ಅರ್ಧ ತೆರೆಯಿತು. ಇನ್ನೊಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡಳು. ಮೇಜು ಸುತ್ತಿಕೊಂಡು ಬಂದು, "ಬನ್ನಿ ಅಪ್ಪಾ, ಮೊದಲು ಸ್ವಲ್ಪ ಮಲಗಿ," ಎಂದು ಅವರ ಮೊಣಕೈ ಹಿಡಿದು ಒಳಗೆ ನಡೆಸಿಕೊಂಡು ಹೋದಳು.